ಓದುಗರ ಪ್ರಶ್ನೆಗಳಿಗೆ ಉತ್ತರ: ಹಾಲು ಕರೆಯುವ ಹೊತ್ತಿಗೆ ಬರುವ ಕೃಷಿ ಕಾರ್ಯಕ್ರಮ

ಕಳೆದ ಸಂಚಿಕೆಯಲ್ಲಿ ಕಡಲೆಕಾಯಿ ಬಿತ್ತನೆಯ ಬಗ್ಗೆ ಮಧುಗಿರಿ ತಾಲ್ಲೂಕಿನ ಓದುಗರೊಬ್ಬರಿಗೆ ಉತ್ತರಿಸುವಾಗ, ಸಂಜೆಯ ರೇಡಿಯೋ ಕೃಷಿ ಕಾರ್ಯಕ್ರಮವನ್ನು ತಪ್ಪದೆ ಕೇಳಿ ಎಂದು ಒಂದು ಸಾಲು ಸೇರಿಸಿದ್ದೆ. ಆ ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಉತ್ತರಕ್ಕೆ ಬರಲಿಲ್ಲ. ಬರೆದವರಲ್ಲಿ ಹೆಚ್ಚಿನವರು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸ್ವತಃ ಬೇಸಾಯ ಮಾಡುವ ಹೆಣ್ಣುಮಕ್ಕಳಾದ್ದರಿಂದ ಈ ಸಲದ ಅಂಕಣವನ್ನು ಅವರಿಗೇ ಬಿಟ್ಟುಕೊಟ್ಟಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಕೋರಿರುವುದರಿಂದ ಎಲ್ಲರ ತಾಲ್ಲೂಕನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನಮಗೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟವೂ ಎರಡು ಸೀಮೆಹಸುಗಳೂ ಇವೆ. ಕೃಷಿ ಕಾರ್ಯಕ್ರಮ ಬರುವ ಹೊತ್ತಿಗೆ ನಾನು ಹಾಲು ಕರೆದು ಡೇರಿಗೆ ಹೋಗಿರುತ್ತೇನೆ. ಯಜಮಾನರು ಕೇಳಿಸಿಕೊಂಡು ಅದರಲ್ಲಿ ಅರ್ಧ ಹೇಳುತ್ತಾರೆ, ಅರ್ಧ ಮರೆಯುತ್ತಾರೆ. ರೇಷ್ಮೆಹುಳು ಸಾಕುವ ಹುಳು ಮನೆಯ ಕೆಲಸವೆಲ್ಲ ನನ್ನದೇ. ನನ್ನಂಥವರಿಗೆ ರೇಡಿಯೋದಿಂದ ನಿಜವಾಗಿಯೂ ಪ್ರಯೋಜನವಿದೆಯೇ? — ಚಿಂತಾಮಣಿ ತಾಲ್ಲೂಕು

ಉತ್ತರ: ಪ್ರಯೋಜನವಿದೆ, ಆದರೆ ನಿಮಗೆ ಸಲ್ಲಬೇಕಾದಷ್ಟು ಸಲ್ಲುತ್ತಿಲ್ಲ, ಮತ್ತು ಆ ಕೊರತೆಗೆ ಕಾರಣ ನೀವಲ್ಲ. ಸಂಜೆಯ ವೇಳೆಯೆಂಬುದು, ರೈತನು ಹೊಲದಿಂದ ಬಂದು ಕೈಕಾಲು ತೊಳೆದು ಜಗುಲಿಯಲ್ಲಿ ಕೂತಿರುತ್ತಾನೆಂಬ ಲೆಕ್ಕದ ಮೇಲೆ ನಿಂತಂತೆ ನನಗೆ ಕಾಣುತ್ತದೆ. ಆ ಹೊತ್ತಿಗೆ ನಿಮ್ಮ ಊರಿನ ಹೆಣ್ಣುಮಕ್ಕಳು ಕ್ಯಾನು ಹಿಡಿದು ಡೇರಿಯ ಮುಂದೆ ಸಾಲಿನಲ್ಲಿ ನಿಂತಿರುತ್ತಾರೆ. ಅಲ್ಲಿಂದ ಬಂದರೆ ಒಲೆ, ಮುದ್ದೆ, ಮಕ್ಕಳು, ಆಮೇಲೆ ಹುಳುವಿಗೆ ರಾತ್ರಿಯ ಸೊಪ್ಪು.

ಇದಕ್ಕೆ ಹಿಂದಿನ ಒಂದು ಕಥೆಯಿದೆ. 1956ರಲ್ಲಿ ಯುನೆಸ್ಕೋ ನೆರವಿನೊಂದಿಗೆ ಪುಣೆ ಆಕಾಶವಾಣಿಯು ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ಕೂಟಗಳನ್ನು ನಡೆಸಿತು. ಕಾರ್ಯಕ್ರಮವನ್ನು ಗುಂಪಾಗಿ ಕೇಳುವುದು, ಕೂತು ಚರ್ಚಿಸುವುದು, ಅನಂತರ ಮಾಡಿ ನೋಡುವುದು ಅದರ ಕ್ರಮವಾಗಿತ್ತು. ಚರ್ಚೆಯಲ್ಲಿ ಎದ್ದ ಪ್ರಶ್ನೆಗಳು ನಿಲಯಕ್ಕೆ ಹಿಂತಿರುಗಿ ಹೋಗುತ್ತಿದ್ದವು. ಮುಂದೆ 1966ರಿಂದ, ಹಸಿರು ಕ್ರಾಂತಿಯ ದಿನಗಳಲ್ಲಿ, ಆಕಾಶವಾಣಿಯ ನಿಲಯಗಳಲ್ಲಿ ‘ಕೃಷಿ ಮತ್ತು ಗೃಹ’ ಎಂಬ ವಿಭಾಗಗಳು ಆರಂಭವಾದವು. ತಂಜಾವೂರಿನ ರೈತರು ಆ ಕಾಲದಲ್ಲಿ ಬಂದ ಎಡಿಟಿ-27 ಎಂಬ ಭತ್ತದ ತಳಿಯನ್ನು ರೇಡಿಯೋ ಅಕ್ಕಿಯೆಂದೇ ಕರೆದರೆಂದರೆ ಆ ಕಾರ್ಯಕ್ರಮಗಳ ಪ್ರಭಾವ ಎಷ್ಟಿತ್ತೆಂದು ಊಹಿಸಬಹುದು. ಆದರೆ ಆ ವಿಭಾಗದ ಹೆಸರನ್ನು ಇನ್ನೊಮ್ಮೆ ಓದಿ ನೋಡಿ. ಕೃಷಿ ಗಂಡಸಿನ ಪಾಲಿಗೆ, ಗೃಹ ಹೆಂಗಸಿನ ಪಾಲಿಗೆ ಎಂಬ ಹಂಚಿಕೆ ಆ ‘ಮತ್ತು’ ಎಂಬ ಪದದಲ್ಲೇ ಅಡಗಿದೆ. ರಾಗಿಯ ಕಳೆ, ಹಸುವಿನ ಕೆಚ್ಚಲು ಬಾವು, ರೇಷ್ಮೆಹುಳುವಿನ ಹಾಸಿಗೆ ಕೃಷಿ ಕಾರ್ಯಕ್ರಮಕ್ಕೆ ಹೋದವು. ಉಪ್ಪಿನಕಾಯಿ ಕೆಡದಂತೆ ಇಡುವುದು, ಮಗುವಿನ ಲಸಿಕೆ ಮಹಿಳಾ ಕಾರ್ಯಕ್ರಮಕ್ಕೆ ಬಂದವು. ಲಸಿಕೆಯ ವಿಷಯ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ 2011ರ ಜನಗಣತಿಯ ಪ್ರಕಾರ ದೇಶದಲ್ಲಿ ದುಡಿಯುವ ಹೆಣ್ಣುಮಕ್ಕಳಲ್ಲಿ ನೂರಕ್ಕೆ 65 ಮಂದಿ ಸಾಗುವಳಿದಾರರು ಇಲ್ಲವೇ ಕೃಷಿ ಕೂಲಿಕಾರರಾಗಿರುವಾಗ, ಕೆಚ್ಚಲು ಬಾವಿನ ಮಾತನ್ನು ‘ರೈತ ಬಾಂಧವರೇ’ ಎಂದು ಗಂಡಸರನ್ನು ಕರೆದು ಹೇಳುವುದರಲ್ಲಿ ಅರ್ಥವೇನಿದೆ? ಕೆಚ್ಚಲಿಗೆ ಕೈಹಾಕುವವರು ನೀವು.

ಭಾಷೆಯದೂ ಇದೇ ಗೋಳು. ನೀವು ನಿಮ್ಮ ಹುಳು ಮನೆಯಲ್ಲಿ ‘ಹುಳು ಮೂರನೇ ಜ್ವರಕ್ಕೆ ಕೂತಿದೆ’ ಎನ್ನುತ್ತೀರಿ, ‘ಜ್ವರದಿಂದ ಎದ್ದಿದೆ’ ಎನ್ನುತ್ತೀರಿ. ಭಾಷಣಕಾರರು ‘ಪೊರೆ ಕಳಚುವ ಹಂತ’ ಎನ್ನುತ್ತಾರೆ. ಎರಡೂ ಒಂದೇ: ಗೂಡು ಕಟ್ಟುವ ಮುನ್ನ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಆ ನಾಲ್ಕೂ ನಿಮ್ಮ ನಾಲ್ಕು ಜ್ವರಗಳು. ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಬೇಕು, ಹಾಸಿಗೆ ಒಣಗಿರುವಂತೆ ಸುಣ್ಣದ ಪುಡಿ ಉದುರಿಸಬೇಕು, ಹೆಚ್ಚುಕಡಿಮೆ ಎಲ್ಲ ಹುಳುವೂ ಎದ್ದ ಮೇಲೆಯೇ ಮತ್ತೆ ಸೊಪ್ಪು ಕೊಡಬೇಕು ಎಂಬ ಸಲಹೆ ನಿಮಗೆ ಹೊಸದೇನಲ್ಲ. ಆದರೂ ಬೇರೆ ಪದದಲ್ಲಿ ಬಂದಾಗ ಅದು ತನಗೆ ಹೇಳಿದ್ದಲ್ಲವೆಂದು ಕೇಳುವವರು ಸುಮ್ಮನಾಗಿಬಿಡುತ್ತಾರೆ. ಕಷ್ಟಪಟ್ಟು ಬಾನುಲಿಯ ಮುಂದೆ ಕೂತ ಹದಿನೈದು ನಿಮಿಷ ಹೀಗೆ ದಂಡವಾಗುತ್ತದೆ.

ಈಗ ನೀವು ಮಾಡಬಹುದಾದದ್ದನ್ನು ಹೇಳುತ್ತೇನೆ. ರೇಡಿಯೋವನ್ನು ನಡುಮನೆಯಿಂದ ಎತ್ತಿ ಕೊಟ್ಟಿಗೆಗೋ ಹುಳು ಮನೆಗೋ ತನ್ನಿ. ಕೇಳುವುದಕ್ಕೆ ಕಿವಿ ಸಾಕು, ಕೈ ಬಿಡುವಾಗಿರಬೇಕಿಲ್ಲ, ಕಣ್ಣು ಹಸುವಿನ ಮೇಲಿದ್ದರೂ ನಡೆಯುತ್ತದೆ. ನಿಮ್ಮ ಸಂಘದಲ್ಲಿ ಹತ್ತಾರು ಮಂದಿ ಇರುತ್ತೀರಲ್ಲ, ವಾರದ ಒಂದೊಂದು ದಿನಕ್ಕೆ ಒಬ್ಬೊಬ್ಬರು ಕೇಳುವ ಸರದಿ ಹಾಕಿಕೊಳ್ಳಿ. ಕೇಳಿದವರು ಮರುದಿನ ಬೆಳಿಗ್ಗೆ ಡೇರಿಯ ಸಾಲಿನಲ್ಲಿ ಉಳಿದವರಿಗೆ ಹೇಳಲಿ. ಪುಣೆಯ ಕೂಟಗಳು ಮಾಡಿದ್ದೂ ಇದನ್ನೇ. ಅವರು ಅದಕ್ಕೆಂದೇ ಸೇರಬೇಕಿತ್ತು, ನೀವು ದಿನಕ್ಕೆ ಎರಡು ಸಲ ಹೇಗೂ ಸೇರುತ್ತೀರಿ. ಇದರ ಜೊತೆಗೆ, ವೇಳೆ ಬದಲಿಸಿ ಅಥವಾ ಮಧ್ಯಾಹ್ನ ಮರುಪ್ರಸಾರ ಮಾಡಿ ಎಂದು ಸಂಘದ ಎಲ್ಲರ ಸಹಿಯೊಂದಿಗೆ ನಿಲಯಕ್ಕೆ ಒಂದು ಪತ್ರ ಹಾಕಿ. ಒಬ್ಬರ ಕಾರ್ಡಿಗಿಂತ ಹದಿನೈದು ಸಹಿಗಳ ಕಾಗದಕ್ಕೆ ತೂಕ ಹೆಚ್ಚು.

ಪ್ರಶ್ನೆ: ಕೈಯಲ್ಲಿ ಸ್ಮಾರ್ಟ್‌ಫೋನು, ಅದರಲ್ಲಿ ಸಾವಿರ ವಿಡಿಯೋ ಇರುವ ಕಾಲದಲ್ಲಿ ರೇಡಿಯೋ ಕೇಳಿ ಎನ್ನುವುದು ಎತ್ತಿನ ಗಾಡಿ ಹತ್ತಿ ಎಂದಂತಲ್ಲವೇ? — ಶಿರಾ ತಾಲ್ಲೂಕು

ಉತ್ತರ: ಯಾರ ಕೈಯಲ್ಲಿ ಎಂಬುದನ್ನು ಮೊದಲು ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಫೋನು ಇದೆ ಎಂದ ಹೆಣ್ಣುಮಕ್ಕಳು ದೇಶದ ಹಳ್ಳಿಗಳಲ್ಲಿ ಶೇಕಡಾ 46.6 ಮಾತ್ರ, ಅದು ಕೂಡ ಯಾವುದೇ ಮೊಬೈಲು, ಸ್ಮಾರ್ಟ್‌ಫೋನೇ ಆಗಬೇಕೆಂದಿಲ್ಲ. ದೇಶದ ಕೃಷಿ ಹಿಡುವಳಿಗಳಲ್ಲಿ ಹೆಣ್ಣುಮಕ್ಕಳು ನಡೆಸುವುವೆಂದು 2015–16ರ ಕೃಷಿ ಗಣತಿ ಲೆಕ್ಕ ಹಾಕಿದ್ದು ನೂರಕ್ಕೆ ಸುಮಾರು 14. ಪಹಣಿ ಯಾರ ಹೆಸರಿನಲ್ಲಿದೆಯೋ ಅವರ ಮೊಬೈಲಿಗೆ ಇಲಾಖೆಯ ಸಂದೇಶ ಹೋಗುತ್ತದೆ, ಆ ಮೊಬೈಲು ಯಜಮಾನರ ಜೇಬಿನಲ್ಲಿ ಪೇಟೆಗೆ ಹೋಗಿರುತ್ತದೆ, ಕಳೆ ಕೀಳುವವರು ಹೊಲದಲ್ಲಿರುತ್ತಾರೆ.

ನಿಮ್ಮ ಮಾತಿನಲ್ಲೂ ಸತ್ಯವಿಲ್ಲದಿಲ್ಲ. ಟೊಮೆಟೊ ಎಲೆಯ ಮೇಲಿನ ಚುಕ್ಕೆ ಯಾವ ರೋಗದ್ದೆಂದು ರೇಡಿಯೋ ತೋರಿಸಲಾರದು, ವಿಡಿಯೋ ತೋರಿಸುತ್ತದೆ. ಹಾಗೆಂದು ವಿಡಿಯೋ ಮಾಡಿದವರು ಕೊನೆಯಲ್ಲಿ ಯಾವ ಬಾಟಲಿಯನ್ನು ಕೊಳ್ಳಿ ಎನ್ನುತ್ತಾರೆಂಬುದನ್ನೂ ಗಮನಿಸಿ. ಇನ್ನು ಎತ್ತಿನ ಗಾಡಿಯ ವಿಷಯ: ನಿಮ್ಮ ತಾಲ್ಲೂಕಿನಲ್ಲಿ ಕಡಲೆಕಾಯಿಗೆ ಕೂರಿಗೆ ಹೂಡುವ ದಿನ ಎತ್ತಿನ ಬೆಲೆ ಏನೆಂದು ನಿಮಗೇ ಗೊತ್ತು.

ಪ್ರಶ್ನೆ: ರೇಡಿಯೋದಲ್ಲಿ ಹೇಳಿದ ಔಷಧಿಯ ಪ್ರಮಾಣ ಒಂದಾದರೆ ಅಂಗಡಿಯವರು ಹೇಳುವುದು ಇನ್ನೊಂದು. ಟೊಮೆಟೊಗೆ ಸಿಂಪಡಿಸುವಾಗ ಯಾವುದನ್ನು ನಂಬಬೇಕು? — ಮುಳಬಾಗಿಲು ತಾಲ್ಲೂಕು

ಉತ್ತರ: ಎರಡನ್ನೂ ಪೊಟ್ಟಣದ ಮೇಲಿನ ಬರಹದೊಂದಿಗೆ ಹೋಲಿಸಿ ನೋಡದೆ ನಂಬಬೇಡಿ. ಈ ಪಾಠವನ್ನು ನಾನು ನಮ್ಮ ಮನೆಯಲ್ಲೇ ಕಲಿತಿದ್ದೇನೆ. ಕೆಲವು ವರ್ಷಗಳ ಹಿಂದೆ ಕೊರಟಗೆರೆ ಕಡೆಯ ನಮ್ಮ ಹೊಲದಲ್ಲಿ ಕಡಲೆಕಾಯಿಗೆ ಎಲೆಚುಕ್ಕೆ ರೋಗ ಬಂದಿತ್ತು. ನಮ್ಮ ಅತ್ತಿಗೆ ರೇಡಿಯೋ ಕೇಳುತ್ತಲೇ ಅಡುಗೆ ಮಾಡುವವರು. ಭಾಷಣಕಾರರು ಶಿಲೀಂಧ್ರನಾಶಕ ಪುಡಿಯ ಹೆಸರು ಹೇಳಿ, ‘ಲೀಟರಿಗೆ ಎರಡು ಗ್ರಾಂ’ ಎಂದು ಒಂದೇ ಒಂದು ಸಲ ಅವಸರದಲ್ಲಿ ಹೇಳಿ ಮುಗಿಸಿದರು. ಹಿಂದೆಯೇ ಹಾಡು ಬಂತು. ಒಗ್ಗರಣೆಯ ಸದ್ದಿನಲ್ಲಿ ಅತ್ತಿಗೆಯ ಕಿವಿಗೆ ಬಿದ್ದದ್ದು ‘ಎರಡು’ ಎಂಬುದು ಮಾತ್ರ. ಮನೆಯಲ್ಲಿ ಗ್ರಾಂ ತೂಗುವ ತಕ್ಕಡಿ ಎಲ್ಲಿಂದ ಬರಬೇಕು? ಟ್ಯಾಂಕಿಗೆ ಎರಡು ಚಮಚವೆಂದು ಲೆಕ್ಕ ಹಾಕಿದರು. ಹದಿನೈದು ಲೀಟರಿನ ಟ್ಯಾಂಕಿಗೆ ಮೂವತ್ತು ಗ್ರಾಂ ಬೇಕಿದ್ದಲ್ಲಿ ಹತ್ತು ಗ್ರಾಮಿನಷ್ಟು ಬಿದ್ದಿರಬೇಕು. ಪುಡಿ, ಬಾಡಿಗೆ ಪಂಪು, ಆಳು ಎಲ್ಲದರ ದುಡ್ಡೂ ಹೋಯಿತು, ಎಲೆ ಉದುರುವುದು ನಿಲ್ಲಲಿಲ್ಲ. ಮೂರು ವಾರ ಕಳೆದ ಮೇಲೆ ನಮಗೆ ಇದು ಗೊತ್ತಾದಾಗ ಅತ್ತಿಗೆ ತಮ್ಮನ್ನೇ ಹಳಿದುಕೊಂಡರು. ನನಗೆ ಸಿಟ್ಟು ಬಂದದ್ದು ಆ ಕಾರ್ಯಕ್ರಮದ ಮೇಲೆ. ಕಿವಿಯಲ್ಲಿ ಕತೆ ನಿಲ್ಲುತ್ತದೆ, ಅಂಕಿ ನಿಲ್ಲುವುದಿಲ್ಲ. ಅಂಕಿ ಹೇಳುವವರು ಮೂರು ಸಲ ಹೇಳಬೇಕು, ಟ್ಯಾಂಕಿನ ಲೆಕ್ಕದಲ್ಲೂ ಹೇಳಬೇಕು, ‘ಬರೆದುಕೊಳ್ಳಿ’ ಎಂದು ಅರೆನಿಮಿಷ ಬಿಡುವು ಕೊಡಬೇಕು.

ಅಂದಿನಿಂದ ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲ ಹಿಂಬದಿಗೆ ಒಂದು ಸೀಮೆಸುಣ್ಣದ ತುಂಡನ್ನು ದಾರದಲ್ಲಿ ಕಟ್ಟಿದೆ. ಕೇಳಿದ ಹೆಸರು, ಪ್ರಮಾಣ ಎರಡನ್ನೂ ಕದದ ಮೇಲೆಯೇ ಗೀಚುತ್ತಾರೆ. ಅಕ್ಷರ ಬಾರದಿದ್ದರೆ ಗೆರೆ ಎಳೆದರೂ ಸಾಕು. ಸಿಂಪಡಿಸುವ ಮುನ್ನ ಅದನ್ನು ಕಿಸಾನ್ ಕಾಲ್ ಸೆಂಟರಿಗೆ ಫೋನು ಮಾಡಿ ಖಚಿತಪಡಿಸಿಕೊಳ್ಳಿ: 1800-180-1551, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ, ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. 2004ರ ಜನವರಿಯಿಂದ ಈ ಸೇವೆ ಇದೆ. ಅದನ್ನು ಬಳಸುವುದಕ್ಕೆ ಸ್ಮಾರ್ಟ್‌ಫೋನು ಬೇಕಿಲ್ಲ. ಎಲೆಯನ್ನು ಕಣ್ಣಾರೆ ತೋರಿಸಬೇಕೆಂದರೆ ನಿಮಗೆ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವಿದೆ, ಹೋಬಳಿಯ ರೈತ ಸಂಪರ್ಕ ಕೇಂದ್ರವಿದೆ.

ಪೊಟ್ಟಣದ ಮೇಲೆ ಬಣ್ಣದ ಗುರುತೂ ಇರುತ್ತದೆ. ಕೆಂಪು ಇದ್ದರೆ ಅತಿ ಕಡುವಿಷ. ಅದಕ್ಕಿಂತ ಕಡಿಮೆ ಹಳದಿ, ಆಮೇಲೆ ನೀಲಿ, ಎಲ್ಲಕ್ಕಿಂತ ಕಡಿಮೆ ಹಸಿರು. ರೇಡಿಯೋದಲ್ಲಿ ‘ಸಿಂಪಡಿಸುವವರು ಕೈಗವಸು ಹಾಕಿಕೊಳ್ಳಿ’ ಎಂದು ತಪ್ಪದೆ ಹೇಳುತ್ತಾರೆ, ಸಂತೋಷ. ಆದರೆ ಡ್ರಮ್ಮಿಗೆ ನೀರು ಹೊತ್ತು ತಂದು ಔಷಧಿ ಕಲಸಿಕೊಡುವವರಿಗೆ, ಸಂಜೆ ಆ ಅಂಗಿ ಪಂಚೆಗಳನ್ನು ಬರಿಗೈಯಲ್ಲಿ ಒಗೆಯುವವರಿಗೆ ಇದೇ ಮಾತನ್ನು ಹೇಳಿದ್ದನ್ನು ನಾನಂತೂ ಕೇಳಿಲ್ಲ. ನೀವು ಆ ಬಟ್ಟೆಗಳನ್ನು ಮನೆಮಂದಿಯ ಬಟ್ಟೆಯೊಡನೆ ನೆನೆಹಾಕಬೇಡಿ. ಬೇರೆಯಾಗಿ, ಕೈಗೆ ಏನಾದರೂ ಕಟ್ಟಿಕೊಂಡು ಒಗೆಯಿರಿ.

ಪ್ರಶ್ನೆ: ‘ದಕ್ಷಿಣ ಒಳನಾಡಿನ ಕೆಲವು ಕಡೆ ಸಾಧಾರಣ ಮಳೆ’ ಎಂದು ರೇಡಿಯೋದಲ್ಲಿ ಹೇಳುತ್ತಾರೆ. ನಂಬಿ ಬಿತ್ತನೆಬೀಜ ಬಿಡಿಸಿಟ್ಟರೆ ನಮ್ಮೂರಿಗೆ ಹನಿಯೂ ಬೀಳುವುದಿಲ್ಲ. ಇದು ಸುಳ್ಳಲ್ಲವೇ? — ಪಾವಗಡ ತಾಲ್ಲೂಕು

ಉತ್ತರ: ಸುಳ್ಳಲ್ಲ, ಆದರೆ ಆ ಪದಗಳ ಅರ್ಥವನ್ನು ಕೇಳುಗರಿಗೆ ಯಾರೂ ಬಿಡಿಸಿ ಹೇಳಿಲ್ಲ. ಹವಾಮಾನ ಇಲಾಖೆಯಲ್ಲಿ ‘ಒಂದೆರಡು ಕಡೆ’, ‘ಕೆಲವು ಕಡೆ’, ‘ಹಲವು ಕಡೆ’, ‘ಬಹುತೇಕ ಕಡೆ’ ಎಂಬ ಮಾತುಗಳಿಗೆ ಲೆಕ್ಕವಿದೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಳೆಯಾಗುವಂತಿದ್ದರೆ ಒಂದೆರಡು ಕಡೆ. 26ರಿಂದ 50 ಆದರೆ ಕೆಲವು ಕಡೆ. 51ರಿಂದ 75 ಹಲವು ಕಡೆ. ಅದಕ್ಕೂ ಮೇಲಾದರೆ ಬಹುತೇಕ ಕಡೆ. ಅಂದರೆ ‘ಕೆಲವು ಕಡೆ’ ಎಂದ ದಿನ, ಮಳೆ ಬೀಳುವ ಊರುಗಳಷ್ಟೇ ಅಥವಾ ಅದಕ್ಕಿಂತ ಹೆಚ್ಚು ಊರುಗಳು ಒಣಗಿಯೇ ಇರುತ್ತವೆ. ದಕ್ಷಿಣ ಒಳನಾಡು ಎಂಬುದರಲ್ಲಿ ನಿಮ್ಮ ಪಾವಗಡವೂ ಇದೆ, ಕೊಡಗೂ ಇದೆ. ಮಳೆಯ ಮಟ್ಟಿಗೆ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದೇ ಒಂದು ವಿನೋದ.

‘ಸಾಧಾರಣ’ಕ್ಕೂ ಅಳತೆಯುಂಟು. ಒಂದು ದಿನದಲ್ಲಿ 2.5ರಿಂದ 15.5 ಮಿಲಿಮೀಟರ್ ಬಿದ್ದರೆ ಹಗುರ ಮಳೆ, 15.6ರಿಂದ 64.4ರವರೆಗೆ ಸಾಧಾರಣ, 64.5ರಿಂದ ಮೇಲೆ ಭಾರಿ. ಒಂದು ಮಿಲಿಮೀಟರ್ ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಹಗುರ ಮಳೆ ಧೂಳು ಅಡಗಿಸಿ ಮಣ್ಣಿನ ವಾಸನೆ ಎಬ್ಬಿಸುತ್ತದೆ, ಆಸೆ ಹುಟ್ಟಿಸುತ್ತದೆ; ಬಿತ್ತನೆ ಹದಕ್ಕೆ ಅದನ್ನು ನಂಬಬಾರದು. ಇಲಾಖೆ ಏನೇ ಹೇಳಲಿ, ನಿಮ್ಮ ಹೊಲದಲ್ಲಿ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟುತ್ತದೆಯೇ ಎಂದು ನೋಡುವ ಪದ್ಧತಿಯನ್ನು ಬಿಡಬೇಡಿ.

ನಿಮ್ಮ ಊರಿಗೆ ಹತ್ತಿರದ ಮಾಹಿತಿ ಬೇಕೆಂದರೆ ಎರಡು ದಾರಿಗಳಿವೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ, 92433 45433, ಹಗಲೂ ರಾತ್ರಿಯೂ ನಡೆಯುತ್ತದೆ. ಆ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿರುವುದರಿಂದ ನಿಮ್ಮ ಹೋಬಳಿಯ ಹೆಸರು ಹೇಳಿ ಕೇಳಬಹುದು. ಎರಡನೆಯದು ಮಂಗಳವಾರ ಮತ್ತು ಶುಕ್ರವಾರ ಹೊರಡುವ ಕೃಷಿ ಹವಾಮಾನ ವರದಿ. ಮುಂದಿನ ಐದು ದಿನಗಳ ಮಳೆ, ಗಾಳಿ, ತೇವದ ಜೊತೆಗೆ ಆ ವಾರದ ಬೆಳೆ ಸಲಹೆಯೂ ಅದರಲ್ಲಿರುತ್ತದೆ. ಆ ಎರಡು ದಿನಗಳ ಕಾರ್ಯಕ್ರಮವನ್ನಾದರೂ ಬಿಡದೆ ಕೇಳಿ. ಮಘೆ ಮಳೆ, ಹುಬ್ಬೆ ಮಳೆ ಎಂದು ನಕ್ಷತ್ರ ಹಿಡಿದು ಲೆಕ್ಕ ಹಾಕುವ ಅತ್ತೆಯವರೊಂದಿಗೆ ಜಗಳಕ್ಕಿಳಿಯದೆ, ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡು ವರ್ಷವಾದ ಮೇಲೆ ಅದನ್ನು ಓದುವುದು ಬಹಳ ಸ್ವಾರಸ್ಯವಾಗಿರುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ರೇಡಿಯೋ ಹಾಕಿದರೆ ಬರೀ ಹಾಡು ಬರುತ್ತದೆ, ಬೆಂಗಳೂರು ಆಕಾಶವಾಣಿ ಸಿಗುವುದಿಲ್ಲ. ಯಾವ ಸೆಟ್ಟು ಕೊಳ್ಳಬೇಕು? — ಗೌರಿಬಿದನೂರು ತಾಲ್ಲೂಕು

ಉತ್ತರ: ಬೆಂಗಳೂರು ಆಕಾಶವಾಣಿಯ ಮುಖ್ಯ ವಾಹಿನಿಯು ಮಧ್ಯಮ ತರಂಗದಲ್ಲಿ, 612 ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ. ಮೊಬೈಲಿನ ರೇಡಿಯೋ ಎಫ್‌ಎಂ ಮಾತ್ರ ಹಿಡಿಯುತ್ತದೆ, ಅದಕ್ಕೂ ಸಾಮಾನ್ಯವಾಗಿ ಇಯರ್‌ಫೋನಿನ ತಂತಿಯೇ ಆಂಟೆನಾ. ಆದ್ದರಿಂದ ಸೆಟ್ಟಿನ ಮೇಲೆ ‘ಎಂಡಬ್ಲ್ಯೂ’ ಅಥವಾ ‘ಎಎಂ’ ಎಂದು ಬರೆದಿದೆಯೇ ನೋಡಿ ಕೊಳ್ಳಿ. ಮಧ್ಯಮ ತರಂಗದ ಆಂಟೆನಾ ಸೆಟ್ಟಿನೊಳಗೇ ಒಂದು ಕಡ್ಡಿಯಾಗಿ ಮಲಗಿರುತ್ತದೆ; ಮೇಲಿನ ಉದ್ದ ಕೊಳವೆ ಎಳೆದರೆ ಏನೂ ಆಗದು, ಇಡೀ ಸೆಟ್ಟನ್ನೇ ಮೆಲ್ಲಗೆ ತಿರುಗಿಸಿ ಸ್ವರ ಎಲ್ಲಿ ಸ್ಪಷ್ಟವಾಗುತ್ತದೆಂದು ನೋಡಬೇಕು. ಎಲ್‌ಇಡಿ ಬಲ್ಬು, ಟಿವಿ, ಚಾರ್ಜರು ಇವುಗಳಿಂದ ದೂರವಿಡಿ. ‘ಗುರ್’ ಎಂಬ ಸದ್ದು ಬರುವುದು ಬಹುಮಟ್ಟಿಗೆ ಅವುಗಳಿಂದ. ಸ್ಮಾರ್ಟ್‌ಫೋನೂ ಇಂಟರ್‌ನೆಟ್ಟೂ ಇದ್ದರೆ ‘ನ್ಯೂಸ್ ಆನ್ ಏರ್’ ಆ್ಯಪಿನಲ್ಲೂ ಕೇಳಬಹುದು.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ಹದಿನೆಂಟು ವರ್ಷವಾಯಿತು. ಬೂದಿಕೋಟೆಯಲ್ಲಿ ಹೆಂಗಸರೇ ರೇಡಿಯೋ ಮಾಡಿದ್ದರೆಂದು ಹಿರಿಯರು ಹೇಳುತ್ತಾರೆ. ನಾವೂ ಮಾಡಬಹುದೇ? — ಬಂಗಾರಪೇಟೆ ತಾಲ್ಲೂಕು

ಉತ್ತರ: ನಿಮ್ಮ ಹಿರಿಯರು ಹೇಳಿದ್ದು ನಿಜ. ಹೈದರಾಲಿ ಹುಟ್ಟಿದ ಊರೆಂದು ಹೆಸರಾದ ಬೂದಿಕೋಟೆಯಲ್ಲಿ 2003ರಲ್ಲಿ ‘ನಮ್ಮ ಧ್ವನಿ’ ಆರಂಭವಾಯಿತು. ಮೈರಾಡ, ವಾಯ್ಸಸ್ ಎಂಬ ಸ್ವಯಂಸೇವಾ ಸಂಸ್ಥೆಗಳೂ ಯುನೆಸ್ಕೋವೂ ಬೆನ್ನಿಗಿದ್ದವು, ಸುತ್ತಲಿನ ಸ್ವಸಹಾಯ ಸಂಘಗಳು ಅದರೊಳಗಿದ್ದವು. ಆಗ ಸಮುದಾಯ ರೇಡಿಯೋಗೆ, ಅಂದರೆ ಊರಿನವರು ತಮಗಾಗಿ ನಡೆಸುವ ಸಣ್ಣ ನಿಲಯಕ್ಕೆ, ಪರವಾನಗಿ ಸಿಗುತ್ತಿದ್ದುದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಹಾಗಾಗಿ ಇವರು ಆಕಾಶವನ್ನು ಬಿಟ್ಟು ತಂತಿಯನ್ನು ಹಿಡಿದರು: ಕಾರ್ಯಕ್ರಮವನ್ನು ಧ್ವನಿಮುದ್ರಿಸಿ ಕೇಬಲ್ ಮೂಲಕ ಮನೆಗಳಿಗೆ ಮುಟ್ಟಿಸಿದರು. ಬಾನುಲಿಯ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ತೀರ್ಪು ಕೊಟ್ಟಿತ್ತು. ಆದರೂ ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಅವಕಾಶ ತೆರೆದದ್ದು 2006ರ ನವೆಂಬರಿನಲ್ಲಿ. ಅದಾದ ಮೇಲೆ, 2008ರ ಅಕ್ಟೋಬರ್ 15ರಂದು, ತೆಲಂಗಾಣದ ಜಹೀರಾಬಾದ್ ಬಳಿ ದಲಿತ ಹೆಣ್ಣುಮಕ್ಕಳೇ ನಡೆಸುವ ‘ಸಂಘಂ ರೇಡಿಯೋ’ ಶುರುವಾಯಿತು. ಗ್ರಾಮೀಣ ಮಹಿಳೆಯರ ಅಂತರರಾಷ್ಟ್ರೀಯ ದಿನವನ್ನು ಜಗತ್ತು ಮೊದಲ ಬಾರಿ ಆಚರಿಸಿದ ದಿನವೂ ಅದೇ.

ನಿಮ್ಮ ಸಂಘ ನೇರವಾಗಿ ಅರ್ಜಿ ಹಾಕಲಾಗದು. ಲಾಭಕ್ಕಾಗಿ ನಡೆಯದ, ನೋಂದಾಯಿತವಾಗಿ ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ಸಂಸ್ಥೆಯೊಂದು ಮುಂದೆ ನಿಲ್ಲಬೇಕು. ಪ್ರಸಾರದ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಆಂಟೆನಾ 30 ಮೀಟರ್ ಎತ್ತರದೊಳಗೆ. ಬಯಲಾದರೆ ಹತ್ತು ಹದಿನೈದು ಕಿಲೋಮೀಟರ್ ತಲುಪುತ್ತದೆ, ಬೆಟ್ಟ ಅಡ್ಡ ಬಂದರೆ ಅಷ್ಟೂ ಇಲ್ಲ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಸ್ಥಳೀಯವಾಗಿಯೇ ತಯಾರಾಗಬೇಕು. ಸುದ್ದಿಯನ್ನು ಸ್ವಂತವಾಗಿ ಓದುವಂತಿಲ್ಲ, ಆದರೆ ಹವಾಮಾನ, ನೀರು, ಕರೆಂಟು ಇಂಥ ಮಾಹಿತಿಗೆ ಅಡ್ಡಿಯಿಲ್ಲ. 2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಒಂದು ಒಳ್ಳೆಯ ಅಂಶ ಸೇರಿದೆ: ಕಾರ್ಯಕ್ರಮಗಳನ್ನು ತೀರ್ಮಾನಿಸುವ ಸಲಹಾ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಮಹಿಳೆಯರಿರಬೇಕು.

ಹಾಗಿದ್ದರೂ ಹೊಸ ನಿಲಯ ಕಟ್ಟುವುದಕ್ಕೆ ಆತುರಪಡಬೇಡಿ ಎಂಬುದು ನನ್ನ ಅಭಿಪ್ರಾಯ. ಉದ್ಘಾಟನೆಗೆ ಹಣ ಬರುತ್ತದೆ, ಮೂರನೇ ವರ್ಷದ ಕರೆಂಟು ಬಿಲ್ಲಿಗೆ ಬರುವುದಿಲ್ಲ. ಅದರ ಬದಲು ಈಗಾಗಲೇ ಇರುವ ನಿಲಯವೊಂದಕ್ಕೆ ವಾರಕ್ಕೆ ಅರ್ಧ ಗಂಟೆಯ ಕಾರ್ಯಕ್ರಮ ಮಾಡಿಕೊಡುತ್ತೇವೆಂದು ಮುಂದೆ ಬನ್ನಿ. ನಿಲಯದವರು ವಿಷಯ ಕೊಡುವವರೆಗೆ ಕಾಯಬೇಡಿ, ವಿಷಯ ನಿಮ್ಮದೇ ಇರಲಿ. ಇದನ್ನು ಒತ್ತಿ ಹೇಳಲು ಕಾರಣವಿದೆ. 1975ರಲ್ಲಿ ಕೆನಡಾದ ಜಾರ್ಜ್ ಅಟ್ಕಿನ್ಸ್ ಎಂಬ ಕೃಷಿ ಪ್ರಸಾರಕರು ಜಾಂಬಿಯಾದಲ್ಲಿ ಬೇರೆ ಬೇರೆ ದೇಶಗಳ ಪ್ರಸಾರಕರೊಂದಿಗೆ ಬಸ್ಸಿನಲ್ಲಿ ಹೋಗುವಾಗ, ನೀವು ಏನು ಪ್ರಸಾರ ಮಾಡುತ್ತೀರಿ ಎಂದು ವಿಚಾರಿಸಿದರು. ಒಬ್ಬರು ಟ್ರ್ಯಾಕ್ಟರಿನ ಸ್ಪಾರ್ಕ್ ಪ್ಲಗ್ ನಿರ್ವಹಣೆ ಎಂದರು. ನಿಮ್ಮ ಕೇಳುಗರಲ್ಲಿ ಟ್ರ್ಯಾಕ್ಟರು ಎಷ್ಟು ಮಂದಿಗಿದೆ ಎಂದರೆ, ಬೆರಳೆಣಿಕೆಯಷ್ಟು. ಅಟ್ಕಿನ್ಸ್ ಊರಿಗೆ ಮರಳಿ 1979ರಲ್ಲಿ, ಇಂದು ಫಾರ್ಮ್ ರೇಡಿಯೋ ಇಂಟರ್‌ನ್ಯಾಷನಲ್ ಎಂದು ಹೆಸರಾಗಿರುವ ಸಂಸ್ಥೆಗೆ ಅಡಿಪಾಯ ಹಾಕಿದರು. ಆ ಸಂಸ್ಥೆ 2007ರಿಂದ ಆಫ್ರಿಕಾದ ಐದು ದೇಶಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಕಂಡುಬಂದದ್ದೂ ಇದೇ ದಾರಿಯ ಮಾತು: ಸುಮ್ಮನೆ ಕೇಳಿದ ಊರುಗಳಿಗಿಂತ, ಕಾರ್ಯಕ್ರಮ ತಯಾರಿಸುವುದರಲ್ಲಿ ರೈತರೇ ಕೈಜೋಡಿಸಿದ ಊರುಗಳಲ್ಲಿ ಹೊಸ ಪದ್ಧತಿಯನ್ನು ಹೊಲಕ್ಕೆ ತಂದವರು ಹೆಚ್ಚು. ಬೇಸಿಗೆಯಲ್ಲಿ ಹಸುವಿಗೆ ಹಸಿಮೇವು ಎಲ್ಲಿಂದ ಹೊಂದಿಸುತ್ತೀರಿ, ಮಾವಿನ ಮರದಡಿ ಉದುರಿದ ಕಾಯಿಯನ್ನು ಏನು ಮಾಡುತ್ತೀರಿ, ಬೇಕಾದರೆ ಅದರಿಂದ ಶುರು ಮಾಡಿ.

ಪ್ರಶ್ನೆ: ನಮ್ಮ ಮನೆಮಾತು ತೆಲುಗು. ರೇಡಿಯೋದವರು ನಮ್ಮ ಊರಿಗೆ ಬಂದು ರಾಗಿಯ ಬಗ್ಗೆ ಮಾತನಾಡಿ ಎಂದಾಗ, ನನ್ನ ಕನ್ನಡ ಕೇಳಿ ನಗುತ್ತಾರೆಂದು ಹಿಂದೆ ಸರಿದುಬಿಟ್ಟೆ. ಮತ್ತೆ ಬರುತ್ತಾರಂತೆ. ಏನು ಮಾಡಲಿ? — ಬಾಗೇಪಲ್ಲಿ ತಾಲ್ಲೂಕು

ಉತ್ತರ: ಈ ಸಲ ಹಿಂದೆ ಸರಿಯಬೇಡಿ. ನಿಮ್ಮ ಸೀಮೆಯಲ್ಲಿ ‘ಶೆನಕ್ಕಾಯ’ ಎಂದರೆ ಕಡಲೆಕಾಯಿ ಎಂದು ತಿಳಿಯದ ಕನ್ನಡಿಗರಿಲ್ಲ. ಒಂದು ಪದ ತಿಳಿಯದಿದ್ದರೆ ನಿಲಯದವರೇ ಮಧ್ಯೆ ಕೇಳುತ್ತಾರೆ, ತಪ್ಪಿದ್ದನ್ನು ಕತ್ತರಿಸುತ್ತಾರೆ. ಬರೆದುಕೊಂಡು ಓದುವುದಕ್ಕೆ ಮಾತ್ರ ಹೋಗಬೇಡಿ, ಓದಿದರೆ ನಿಮ್ಮ ಸ್ವರ ಬದಲಾಗುತ್ತದೆ. ಫ್ಯಾನು ಇಲ್ಲದ, ಚೀಲಗಳನ್ನು ಒಟ್ಟಿದ ಕೋಣೆಯಿದ್ದರೆ ಅಲ್ಲಿ ಕೂತು ಮಾತನಾಡಿ. ಚೀಲಗಳು ಮಾರ್ದನಿಯನ್ನು ಹೀರಿಕೊಳ್ಳುತ್ತವೆ. ಮೈಕನ್ನು ಬಾಯಿಂದ ಒಂದು ಗೇಣು ದೂರವಿಡಿ.

ಮಾತು ಎಲ್ಲಿಂದ ಆರಂಭಿಸಬೇಕೆಂದು ತೋಚದಿದ್ದರೆ, ರಾಗಿ ಹೊಲದ ಅಕ್ಕಡಿ ಸಾಲಿಗೆಂದು, ಅಂದರೆ ರಾಗಿಯ ನಡುನಡುವೆ ಬೇರೆ ಕಾಳು ಬಿತ್ತುವ ಸಾಲಿಗೆಂದು, ನೀವು ಎತ್ತಿಟ್ಟಿರುವ ಬೀಜಗಳನ್ನು ಒಂದು ಮೊರದಲ್ಲಿ ಹಾಕಿಕೊಂಡು ಬಂದು ಮುಂದಿಟ್ಟುಕೊಳ್ಳಿ: ಅವರೆ, ಅಲಸಂದೆ, ಹುಚ್ಚೆಳ್ಳು, ಜೋಳ. ಯಾವುದನ್ನು ಎಷ್ಟು ಸಾಲಿಗೊಮ್ಮೆ ಬಿಡುತ್ತೀರಿ, ಹುಳ ಬೀಳದಂತೆ ಬೂದಿಯಲ್ಲಿ ಇಟ್ಟದ್ದೇ ಅಥವಾ ಬೇವಿನ ಸೊಪ್ಪಿನಲ್ಲೇ, ಈ ಅವರೆಬೀಜ ಯಾರ ಮನೆಯಿಂದ ಬಂದದ್ದು ಎಂಬುದನ್ನು ಒಂದೊಂದಾಗಿ ಕೈಗೆತ್ತಿಕೊಂಡು ಹೇಳಿ. ಅವರು ಕೇಳಿದ ಐದು ನಿಮಿಷ ಸಾಲದೇ ಹೋದೀತು.